ಮೂರನೇ ಭಾಗದ ಹೊಸ್ತಿಲು: ಗಡಿನಾಡಿನಲ್ಲಿ ವೃತ್ತಿಶಿಕ್ಷಣದಿಂದ ಪದವಿಗೆ

ಕುಂಬಳೆಗೂ ಉಪ್ಪಳಕ್ಕೂ ನಡುವಿನ ಶಿರಿಯದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಕಸುಬು ಕಲಿಯಬೇಕೆಂದರೆ ತೆಂಕಲಿನ ಮೊಗ್ರಾಲಿಗೋ ಬಡಗಲಿನ ಕುಂಜತ್ತೂರಿಗೋ ಹೋಗಬೇಕು. ಎರಡೂ ಕಡೆ ಸರಕಾರಿ ವೊಕೇಶನಲ್ ಹೈಯರ್ ಸೆಕೆಂಡರಿ ಶಾಲೆಗಳಿವೆ. ಅಲ್ಲಿ ಕಲಿತದ್ದಕ್ಕೆ ವಿಶ್ವವಿದ್ಯಾಲಯದ ಬಾಗಿಲಲ್ಲಿ ಯಾವ ಬೆಲೆ ಸಿಕ್ಕಿತು ಎಂಬುದು ಈ ಲೇಖನದ ವಿಷಯ.

ಈ ಊರುಗಳಿರುವ, ಇಂದು ಕೇರಳದಲ್ಲಿರುವ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಮಂಗಳೂರಿನಲ್ಲಿ 1946ರಲ್ಲಿ ಆರಂಭವಾದ, ಇಂದು ಕೆ.ಪಿ.ಟಿ. ಎಂದೇ ಹೆಸರಾದ ಪಾಲಿಟೆಕ್ನಿಕ್ ಆಗ ಸ್ವಂತ ಜಿಲ್ಲೆಯದೇ ಸಂಸ್ಥೆ. ಡಿಪ್ಲೊಮಾದವರನ್ನು ಇಂಜಿನಿಯರಿಂಗ್ ಪದವಿಯ ಎರಡನೇ ವರ್ಷಕ್ಕೆ ನೇರ ಸೇರಿಸಿಕೊಳ್ಳುವ ಪದ್ಧತಿ ಮುಂದೆ ಕೇರಳ, ಕರ್ನಾಟಕ ಎರಡೂ ರಾಜ್ಯಗಳಲ್ಲಿ ಬೇರೂರಿತು. ಅಲ್ಲಿ ತರಬೇತಿಯೇ ಅರ್ಹತೆ.

ಶಾಲಾ ಮಟ್ಟದ ಕಥೆ ಬೇರೆ. ಕೊಠಾರಿ ಆಯೋಗ (1964–66) ಒತ್ತಿ ಹೇಳಿದ್ದ ವೃತ್ತಿಶಿಕ್ಷಣವನ್ನು ಕೇರಳ 1983–84ರಲ್ಲಿ 19 ಶಾಲೆಗಳಲ್ಲಿ ಆರಂಭಿಸಿತು. ಪ್ಲಸ್ ಟು ಇನ್ನೂ ಶಾಲೆಗೆ ಬಾರದೆ, ಕಾಲೇಜುಗಳಲ್ಲಿ ಪ್ರಿಡಿಗ್ರಿ ನಡೆಯುತ್ತಿದ್ದ ಕಾಲವದು. ಈ ವೊಕೇಶನಲ್ ಹೈಯರ್ ಸೆಕೆಂಡರಿ (ವಿ.ಎಚ್.ಎಸ್.ಇ.) ಪರೀಕ್ಷೆಯಲ್ಲಿ ಮೂರು ಭಾಗ. ಒಂದರಲ್ಲಿ ಇಂಗ್ಲಿಷ್, ಎರಡರಲ್ಲಿ ಕಸುಬು, ಮೂರರಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರದಂಥ ಐಚ್ಛಿಕ ವಿಷಯಗಳು. ಮೊದಲೆರಡು ಪಾಸಾದರೆ ವೃತ್ತಿ ಪ್ರಮಾಣಪತ್ರ ಸಿಗುತ್ತಿತ್ತು. ಉನ್ನತ ಶಿಕ್ಷಣಕ್ಕೆ ಅರ್ಹತೆ ಬೇಕಿದ್ದರೆ ಮೂರನೆಯದೂ ಪಾಸಾಗಬೇಕು. ಫಲಿತಾಂಶದ ದಿನ ಎರಡು ಶೇಕಡಾವಾರು ಲೆಕ್ಕ ಪ್ರಕಟವಾಗುತ್ತಿದ್ದುದು ಇದಕ್ಕೇ. ಜಾನುವಾರು ಸಾಕಣೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಪಳಗಿದ ಕೈ ತೋರಿಸಿದ ಹುಡುಗಿ ರಸಾಯನಶಾಸ್ತ್ರದಲ್ಲಿ ಎಡವಿದರೆ, ಕೈಯಲ್ಲಿ ಪ್ರಮಾಣಪತ್ರವಿದ್ದೂ ಕಾಲೇಜಿಗೆ ಹೊರಗಿನವಳು. ಪದವಿಯ ಹೊಸ್ತಿಲು ದಾಟಿಸುತ್ತಿದ್ದುದು ಪ್ರಿಡಿಗ್ರಿಯಿಂದ ಬಂದ ಹಳೆಯ ವಿಷಯಗಳೇ. ಈ ಏರ್ಪಾಡು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕನ್ನಡಿಗರ ಮಟ್ಟಿಗೆ ಇನ್ನೊಂದು ನಷ್ಟವಿದೆ, ಇದರ ಬಗ್ಗೆ ಮಾತು ಕಡಿಮೆ. ಸಾಮಾನ್ಯ ಪ್ಲಸ್ ಟುವಿನಲ್ಲಿ ದ್ವಿತೀಯ ಭಾಷೆಯಾಗಿ ಕನ್ನಡ ಓದಬಹುದು; ವಿ.ಎಚ್.ಎಸ್.ಇ.ಯಲ್ಲಿ ದ್ವಿತೀಯ ಭಾಷೆಯೇ ಇಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳು ಎರಡು ವರ್ಷ ತಮ್ಮ ಭಾಷೆಯ ಪಾಠದಿಂದ ದೂರವಿದ್ದು, ಆಮೇಲೆ 1957ರಲ್ಲಿ ಸ್ಥಾಪನೆಯಾದ ಕಾಸರಗೋಡು ಸರಕಾರಿ ಕಾಲೇಜಿಗೆ ಬರುತ್ತಾರೆ. ಅಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವೂ ಇದೆ. ಗಡಿ ದಾಟಿ ಕರ್ನಾಟಕದ ವೃತ್ತಿಪರ ಪದವಿಗೆ ಹೋಗುವವರಿಗೆ ಗಡಿನಾಡ ಕನ್ನಡಿಗರೆಂಬ ಅರ್ಹತೆ ಉಂಟು; ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕುಗಳ ಹೆಸರು ಆ ನಿಯಮದಲ್ಲೇ ಇದೆ. ಆದರೆ ಕನ್ನಡ ಭಾಷಾ ಪರೀಕ್ಷೆ ಬರೆಯಲೇಬೇಕು.

ಕೇಂದ್ರದ ಕೌಶಲ ಅರ್ಹತಾ ಚೌಕಟ್ಟು 2013ರಲ್ಲಿ ಬಂತು. ಕೇರಳ 2018–19ರಲ್ಲಿ ಅದನ್ನು ಆಯ್ದ ವಿ.ಎಚ್.ಎಸ್.ಇ. ಶಾಲೆಗಳಿಗೆ ತಂದು, ಬಳಿಕ ವಿಸ್ತರಿಸಿತು. ಈ ನಡುವೆ 2014ರಲ್ಲಿ ಯು.ಜಿ.ಸಿ. ರೂಪಿಸಿದ ಬಿ.ವೊಕ್ ಪದವಿಯಲ್ಲಿ ಕೌಶಲಕ್ಕೆ ಶೇ. 60, ಸಾಮಾನ್ಯ ಶಿಕ್ಷಣಕ್ಕೆ ಶೇ. 40 ಪಾಲು. ಕಸುಬಿನ ಕಲಿಕೆಗೂ ಪಠ್ಯದ ಕಲಿಕೆಗೂ ಒಂದೇ ಕ್ರೆಡಿಟ್ ಲೆಕ್ಕ ಎಂದು 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಹೇಳಿದೆ. ಮೊಗ್ರಾಲ್, ಕುಂಜತ್ತೂರಿನ ಮಕ್ಕಳ ಪ್ರಾಯೋಗಿಕ ತರಗತಿಯ ಗಂಟೆಗಳು ಪದವಿ ಪ್ರವೇಶದಲ್ಲಿ ಆ ಲೆಕ್ಕಕ್ಕೆ ಸೇರಬೇಕು, ಜೊತೆಗೆ ಒಂದು ಕನ್ನಡ ಪತ್ರಿಕೆಯೂ ಇರಬೇಕು.