ಗಾಜಿನ ಮೇಲಿನ ಗೀರು, ಬಸದಿಯ ಕಂಬ

ಹೋದ ವರ್ಷ ಆಯುಧಪೂಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಅರಸೀಕೆರೆ ತಾಲ್ಲೂಕಿನಲ್ಲಿ, ಜಾವಗಲ್ ಕಡೆಗೆ. ತೆಂಗಿನ ತೋಟ, ರಾಗಿ ಹೊಲ, ಮಿಕ್ಕಿದ್ದೆಲ್ಲ ಧೂಳು. ಕಾರು ಅಂಗಳದಲ್ಲಿ ಒಂದು ರಾತ್ರಿ ನಿಂತರೆ ಸಾಕು, ಬೆಳಿಗ್ಗೆ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಅಪ್ಪನಿಗೆ ಅದು ಸಹಿಸಲ್ಲ. ನಾನು ಏಳುವುದರೊಳಗೆ ಹೆಗಲ ಮೇಲಿನ ಟವೆಲ್ಲಿನಿಂದ ಮುಂದಿನ ಗಾಜನ್ನು ಉಜ್ಜಿ ಉಜ್ಜಿ ಒರೆಸಿಟ್ಟಿರುತ್ತಾರೆ. ಮೊದಲು ಸೈಕಲ್ಲಿಗೆ, ಆಮೇಲೆ ಟಿವಿಎಸ್ಸಿಗೆ ಮಾಡಿದ ಉಪಚಾರವೇ ಈಗ ಮಗನ ಕಾರಿಗೆ.

ಪೂಜೆಯ ಮಾರನೇ ದಿನ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹಳೇಬೀಡು, ಬೇಲೂರು ನೋಡಿಕೊಂಡು ಬರೋಣ ಅಂತ ಹೊರಟೆ. ಹಳೇಬೀಡಿನಲ್ಲೇ ಸಂಜೆಯಾಯಿತು. ಅಲ್ಲಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್, ದಾರಿ ಪಶ್ಚಿಮಕ್ಕೆ. ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಿದ್ದ. ಒಂದು ತಿರುವು ದಾಟಿದ್ದೇ ತಡ, ಗಾಜು ಪೂರ್ತಿ ಬೆಳ್ಳಗಾಯಿತು. ಹಗಲಲ್ಲಿ ಕಣ್ಣಿಗೇ ಬೀಳದ ಗೀರುಗಳೆಲ್ಲ ಒಟ್ಟಿಗೆ ಹೊತ್ತಿಕೊಂಡ ಹಾಗೆ. ರಸ್ತೆ ಕಾಣಿಸಲಿಲ್ಲ. "ಲೇ, ದನ!" ಅಂತ ಅಪ್ಪ ಕೂಗಿದ ಮೇಲೆ ಬ್ರೇಕ್ ಒತ್ತಿದೆ. ಕಾರು ನಿಂತಾಗ ಒಂದು ಹಸು, ಅದರ ಹಗ್ಗ ಹಿಡಿದ ಮುದುಕಿ, ಇಬ್ಬರೂ ಬಾನೆಟ್ಟಿನಿಂದ ಎರಡು ಮಾರು ದೂರದಲ್ಲಿದ್ದರು. ಮುದುಕಿ ಬೈಯಲೂ ಇಲ್ಲ, ಸುಮ್ಮನೆ ನನ್ನನ್ನೇ ನೋಡಿ ದಾಟಿಕೊಂಡು ಹೋದಳು.

ನನಗೆ ಕೈ ನಡುಗುತ್ತಿತ್ತು. ಆ ನಡುಕದಲ್ಲಿ ಅಪ್ಪನ ಮೇಲೆ ರೇಗಿದೆ. "ದಿನಾ ಒಣಬಟ್ಟೇಲಿ ಉಜ್ಜಿ ಉಜ್ಜಿ ಗಾಜೆಲ್ಲ ಹಾಳ್ಮಾಡಿಟ್ಟಿದ್ದೀಯಲ್ಲಪ್ಪ."

"ಧೂಳು ಕೂತಿತ್ತು ಕಣಪ್ಪ, ಒರೆಸ್ದೆ," ಅಂದರು ಅಪ್ಪ. ಬೇಲೂರು ಬರುವವರೆಗೂ ಮತ್ತೆ ಮಾತಾಡಲಿಲ್ಲ.

ಈ ಬರಹ ಆ ಗೀರುಗಳ ಬಗ್ಗೆ. ಆದರೆ ಅದಕ್ಕೆ ಉತ್ತರ ಸಿಕ್ಕಿದ್ದು ಅದೇ ದಿನ ಮಧ್ಯಾಹ್ನ ನೋಡಿದ್ದ ಒಂದು ಕಂಬದಲ್ಲಿ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೇಬೀಡಿಗೆ ಬಂದವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ನೋಡಿ, ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಬಸ್ತಿಹಳ್ಳಿ ಇದೆ. ಅಲ್ಲಿ ಮೂರು ಜೈನ ಬಸದಿಗಳು: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದವನು ಬೊಪ್ಪದೇವ, 1133ರಲ್ಲಿ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ರಾಜ ಯುದ್ಧ ಗೆದ್ದ ಹೊತ್ತಿಗೇ ಅವನಿಗೆ ಮಗ ಹುಟ್ಟಿದ್ದರಿಂದ ದೇವರಿಗೆ ವಿಜಯ ಪಾರ್ಶ್ವ ಅಂತಲೂ, ಮಗುವಿಗೆ ವಿಜಯ ನರಸಿಂಹ ಅಂತಲೂ ಹೆಸರಾಯಿತೆಂದು ಶಾಸನ ಹೇಳುತ್ತದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಗಿದ್ದು 1117ರಲ್ಲಿ. ಅಂದರೆ ಬಸದಿ ಅದಕ್ಕಿಂತ ಹದಿನಾರು ವರ್ಷ ಚಿಕ್ಕದು.

ಹೊರಗೆ ನೋಡಿದರೆ ಬಸದಿ ತೀರಾ ಸರಳ. ಒಳಗಿನ ನವರಂಗದ ಕರಿಕಂಬಗಳೇ ಅದರ ಬೆರಗು. ಕನ್ನಡಿಯ ಹಾಗೆ ಹೊಳೆಯುತ್ತವೆ. ಎದುರಿಗೆ ನಿಂತು ಕೈ ಚಾಚಿದರೆ ಕಂಬದೊಳಗಿಂದ ಇನ್ನೊಂದು ಕೈ ಚಾಚುತ್ತದೆ. ಅಪ್ಪ ಕೈ ಎತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿ, "ಇದನ್ನ ಯಾವ ಬಟ್ಟೇಲಿ ಒರೆಸಿದ್ರೋ," ಅಂದಿದ್ದರು. ನಾನು ನಕ್ಕಿದ್ದೆ. ಆಮೇಲೆ ಯೋಚಿಸಿದರೆ, ಪ್ರಶ್ನೆ ಸರಿಯಾಗಿಯೇ ಇತ್ತು.

ಈ ಕಲ್ಲು ಬಳಪದ ಕಲ್ಲು. ನಾವು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯದೇ. ಬೇಲೂರು, ಹಳೇಬೀಡು, ಅರಸೀಕೆರೆಯ ಈಶ್ವರ ದೇವಾಲಯ, ಎಲ್ಲದರಲ್ಲೂ ಹೊಯ್ಸಳರು ನಂಬಿದ್ದು ಇದನ್ನೇ. ಮೆದುವಾದ್ದರಿಂದ ಉಳಿಗೆ ಬಗ್ಗುತ್ತದೆ, ಕೂದಲೆಳೆಯಂಥ ಕೆತ್ತನೆ ನಿಲ್ಲುತ್ತದೆ. ಕಂಬಗಳಿಗೆ ದುಂಡಗಿನ ಆಕಾರ ಬಂದಿದ್ದು ಲೇತಿನಂಥ ತಿರುಗಣೆಯಿಂದ ಎಂದು ಇತಿಹಾಸಕಾರರು ಹೇಳುತ್ತಾರೆ. ಅದನ್ನು ಕಂಡುಕೊಂಡಿದ್ದು ಹೇಗೆ? ಯಂತ್ರವೇನೂ ಉಳಿದಿಲ್ಲ. ಕಂಬದ ಸುತ್ತ ಒಂದರ ಮೇಲೊಂದು, ಒಂಚೂರೂ ತಪ್ಪದೆ ಸುತ್ತುವ ಬಳೆಗಳಿವೆ, ಗೆರೆಗಳಿವೆ. ಕೈಯಲ್ಲಿ ಉಜ್ಜಿದರೆ ಅಷ್ಟು ದುಂಡಗೆ ಬರುವುದಿಲ್ಲ. ಗೆರೆಯ ಆಕಾರವೇ ಸಾಕ್ಷಿ.

ಇನ್ನು ಹೊಳಪು. ಹೊಳಪು ಅಂದರೆ ಗೀರೇ ಇಲ್ಲದಿರುವುದು ಅಂತ ನಾನು ತಿಳಿದಿದ್ದೆ. 1704ರ 'ಆಪ್ಟಿಕ್ಸ್' ಪುಸ್ತಕದಲ್ಲಿ ನ್ಯೂಟನ್ ಬೇರೆಯೇ ಹೇಳುತ್ತಾನೆ. ಗಾಜನ್ನು ಪುಡಿ ಹಾಕಿ ಉಜ್ಜಿದಾಗ ಗೀರು ಮಾಯವಾಗುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ, ಅಷ್ಟೇ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ತಲೆಕೂದಲಿನ ದಪ್ಪದ ಹೆಚ್ಚುಕಡಿಮೆ ನೂರನೇ ಒಂದು ಭಾಗ. ಮೇಲ್ಮೈಯ ಏರುತಗ್ಗು ಅದಕ್ಕಿಂತ ಸಾಕಷ್ಟು ಚಿಕ್ಕದಿದ್ದರೆ ಬೆಳಕು ಶಿಸ್ತಾಗಿ ವಾಪಸ್ಸು ಬರುತ್ತದೆ, ಮುಖ ಕಾಣಿಸುತ್ತದೆ. ದೊಡ್ಡದಿದ್ದರೆ ಬೆಳಕು ದಿಕ್ಕಾಪಾಲಾಗಿ ಚೆದುರುತ್ತದೆ. ಬಸದಿಯ ಕಂಬದಲ್ಲಿ ಅಪ್ಪನ ಕೈ ಕಂಡಿದ್ದು, ನನ್ನ ಗಾಜಿನಲ್ಲಿ ಹಸು ಕಾಣದೇ ಹೋದದ್ದು, ಎರಡಕ್ಕೂ ಕಾರಣ ಒಂದೇ.

ಹಾಗಾದರೆ ಗಾಜಿಗೆ ಗೀರು ಹಾಕಿದ್ದು ಯಾರು? ಟವೆಲ್ಲಂತೂ ಅಲ್ಲ, ಹತ್ತಿಬಟ್ಟೆಗೆ ಗಾಜನ್ನು ಗೀರುವ ತಾಕತ್ತಿಲ್ಲ. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜತಜ್ಞ ಯಾವುದು ಯಾವುದನ್ನು ಗೀರಬಲ್ಲದು ಅಂತ 1ರಿಂದ 10ರವರೆಗೆ ಒಂದು ಏಣಿ ಮಾಡಿದ. ಬಳಪದ ಕಲ್ಲಿಗೆ ಆ ಮೆದುತನ ಕೊಡುವ ಟಾಲ್ಕ್ ಅದರ ಮೊದಲನೇ ಮೆಟ್ಟಿಲು. ಉಗುರು ಸುಮಾರು ಎರಡೂವರೆ, ಗಾಜು ಸುಮಾರು ಐದೂವರೆ, ಬೆಣಚುಕಲ್ಲು 7. ನಮ್ಮ ರಸ್ತೆಯ ಧೂಳಿನಲ್ಲಿ ಇರುವುದು ಈ ಬೆಣಚಿನ ಕಣಗಳೇ. ಒಣಗಾಜಿನ ಮೇಲೆ ಬಟ್ಟೆ ಎಳೆದರೆ ನಾವು ಒರೆಸುತ್ತಿರುವುದಿಲ್ಲ, ಉಪ್ಪುಕಾಗದ ಹಿಡಿದು ಉಜ್ಜುತ್ತಿರುತ್ತೇವೆ.

ಅಲ್ಲಿಗೆ ಅಪ್ಪನದೇ ತಪ್ಪು ಅಂತಾಯಿತಲ್ಲ? ನಾನೂ ಹಾಗೇ ಅಂದುಕೊಂಡೆ. ಬೆಂಗಳೂರಿಗೆ ಬಂದ ಮೇಲೆ ಒಂದು ರಾತ್ರಿ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ, ಮೊಬೈಲಿನ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ನೋಡಿದೆ. ಬಸದಿಯ ಕಂಬ ಓದುವವರ ಹಾಗೆ ಗೆರೆಗಳ ಆಕಾರ ನೋಡೋಣ ಅಂತ. ಎರಡು ಥರದ ಗೀರುಗಳಿದ್ದವು. ಒಂದು, ಎಲ್ಲೆಂದರಲ್ಲಿ ಸಣ್ಣ ಸಣ್ಣ ಸುತ್ತು, ಜೇಡರ ಬಲೆಯ ಹಾಗೆ. ಇದು ಕೈಯಲ್ಲಿ ಒರೆಸಿದ್ದು, ಅನುಮಾನವಿಲ್ಲ. ಇನ್ನೊಂದು, ಡ್ರೈವರ್ ಕಣ್ಣಿನ ನೇರಕ್ಕೆ ಉದ್ದನೆಯ ಕಮಾನುಗಳು, ಒಂದರ ಪಕ್ಕ ಒಂದು, ಎಲ್ಲದಕ್ಕೂ ಒಂದೇ ಕೇಂದ್ರ. ಸಂಜೆ ಬಿಸಿಲಿಗೆ ಹೊತ್ತಿಕೊಂಡಿದ್ದು ಮುಖ್ಯವಾಗಿ ಇವೇ. ಯಾವ ಮನುಷ್ಯನೂ ಅಷ್ಟು ಕರಾರುವಾಕ್ಕಾಗಿ ಒರೆಸಲಾರ. ಅದು ವೈಪರಿನ ಕೆಲಸ. ಟ್ರಾಫಿಕ್ಕಿನಲ್ಲಿ ನಿಂತಾಗ ಧೂಳು ಕಂಡರೆ ನೀರು ಚಿಮ್ಮಿಸದೆ ವೈಪರ್ ಒತ್ತುವ ಚಟ ನನ್ನದು. ಕಾರು ಕೊಂಡಾಗಿನಿಂದ ಅದರ ರಬ್ಬರೂ ಬದಲಿಸಿರಲಿಲ್ಲ. ಅಂಚು ಹರಿದು, ಒಂದು ಕಡೆ ಒಳಗಿನ ತಗಡೇ ಇಣುಕುತ್ತಿತ್ತು.

ವೈಪರಿಗೆ 1903ರಲ್ಲಿ ಪೇಟೆಂಟ್ ಪಡೆದವಳು ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್. ನ್ಯೂಯಾರ್ಕಿನಲ್ಲಿ ಹಿಮ ಬೀಳುವ ದಿನ ಟ್ರಾಮಿನ ಚಾಲಕ ಮುಂದಿನದು ಕಾಣದೆ ಪರದಾಡುವುದನ್ನು ಕಂಡು, ಒಳಗಿಂದಲೇ ಹಿಡಿಕೆ ತಿರುಗಿಸಿ ಗಾಜು ಒರೆಸುವ ರಬ್ಬರ್ ಪಟ್ಟಿ ಯೋಚಿಸಿದಳು. ಮಾರಲು ಹೋದರೆ ಇದರಿಂದ ಲಾಭವಿಲ್ಲ ಅಂದರು. ಅವಳಿಗೆ ದುಡ್ಡೇನೂ ಸಿಗದೆ ಪೇಟೆಂಟಿನ ಅವಧಿ ಮುಗಿಯಿತು. ಅವಳ ಕಣ್ಣ ಮುಂದಿದ್ದದ್ದು ಹಿಮ, ಮಳೆ. ವೈಪರ್ ಹುಟ್ಟಿದ್ದೇ ನೀರಿಗೆ. ನಾವು ಅದನ್ನು ಅರಸೀಕೆರೆಯ ಧೂಳಿಗೆ ಒಣಒಣವಾಗಿ ಓಡಿಸುತ್ತೇವೆ.

ಅದೇ 1903ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎದುವಾರ್ ಬೆನೆಡಿಕ್ಟಸನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಬುರುಡೆ ಕೆಳಗೆ ಬಿದ್ದು, ಒಡೆದರೂ ಚೂರಾಗದೆ ಉಳಿಯಿತಂತೆ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪದರ ಅದನ್ನು ಹಿಡಿದಿಟ್ಟಿತ್ತು. ಇವತ್ತಿನ ಕಾರುಗಳ ಮುಂದಿನ ಗಾಜೂ ಹಾಗೇ: ಎರಡು ಗಾಜು, ನಡುವೆ ಪ್ಲಾಸ್ಟಿಕ್ ಹಾಳೆ. ಹೊರಗಿನ ಗಾಜಿನ ದಪ್ಪ ಸುಮಾರು ಎರಡೇ ಮಿಲಿಮೀಟರ್. ಗೀರು ತೆಗೆಯುತ್ತೇನೆ ಅಂತ ಹೊರಟವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಏಕೆಂದರೆ ಗೀರನ್ನು ತುಂಬಲು ಆಗುವುದಿಲ್ಲ. ಸುತ್ತಲಿನ ಗಾಜನ್ನು ಗೀರಿನ ಮಟ್ಟಕ್ಕೆ ಇಳಿಸಬೇಕು. ಟೂತ್‌ಪೇಸ್ಟ್ ಹಚ್ಚಿ ಅನ್ನುವ ಸಲಹೆ ನಿಮಗೂ ಬಂದಿರಬಹುದು. ಅದು ಜಿಡ್ಡು ತೆಗೆದೀತು, ಗೀರಲ್ಲ. ಗಾಜಿಗೆ ನಿಜವಾಗಿ ಕೆಲಸ ಮಾಡುವುದು ಸೀರಿಯಮ್ ಆಕ್ಸೈಡ್ ಪುಡಿ. ಅದು ಗಾಜನ್ನು ಸವೆಸುವುದರ ಜೊತೆಗೆ ನೀರಿನ ನೆರವಿನಿಂದ ಅದರ ಮೇಲ್ಮೈಯೊಂದಿಗೆ ರಾಸಾಯನಿಕವಾಗಿಯೂ ವರ್ತಿಸುತ್ತದೆ. ಸೀರಿಯಮ್ ಇರುವ ಮೊನಜೈಟ್ ಮರಳು ನಮ್ಮ ಪಕ್ಕದ ಕೇರಳದ ಕಡಲತೀರದಲ್ಲೇ ಇದೆ. 1909ರಲ್ಲಿ ಅದನ್ನು ಗುರುತಿಸಿದವನು ಷೋಂಬರ್ಗ್ ಎಂಬ ಜರ್ಮನ್.

ನಾನೂ ಪುಡಿ ತರಿಸಿದೆ. ಒಂದು ಭಾನುವಾರ ಡ್ರಿಲ್ ಮಷೀನಿಗೆ ಫೆಲ್ಟ್ ಪ್ಯಾಡ್ ಸಿಕ್ಕಿಸಿ, ಪುಡಿಯನ್ನು ಮಜ್ಜಿಗೆಯ ಹದಕ್ಕೆ ಕಲಸಿ, ಎಡಗಡೆಯ ಮೂಲೆಯಲ್ಲಿ ಶುರು ಮಾಡಿದೆ. ನಿಧಾನದ ವೇಗ, ಆಗಾಗ ನೀರು, ಗಾಜು ಕೈಗೆ ಬಿಸಿಯಾದರೆ ನಿಲ್ಲಿಸುವುದು. ಬಿಸಿಯಾದರೆ ಬಿರುಕು ಬಿಡಬಹುದು. ಎರಡು ಗಂಟೆಯಲ್ಲಿ ಅಂಗೈಯಗಲದ ಜಾಗ ತಿಳಿಯಾಯಿತು. ಅಪ್ಪನ ಸುತ್ತುಗೀರುಗಳು ಹೋದವು. ನನ್ನ ಕಮಾನುಗಳು ಹೋಗಲಿಲ್ಲ. ಅವುಗಳ ಮೇಲೆ ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಉಗುರು ಸಿಕ್ಕುವಷ್ಟು ಆಳದ ಗೀರಿಗೆ ಈ ಪುಡಿ ಸಾಲದು. ಹಟ ಹಿಡಿದು ಒಂದೇ ಕಡೆ ಉಜ್ಜಿದರೆ ಅಲ್ಲಿ ತಗ್ಗಾಗಿ, ಗಾಜು ಭೂತಗನ್ನಡಿಯ ಹಾಗೆ ರಸ್ತೆಯನ್ನೇ ಡೊಂಕು ಮಾಡಿ ತೋರಿಸುತ್ತದೆ. ಡ್ರೈವರ್ ಕಣ್ಣಿನ ನೇರಕ್ಕೆ ಅದು ಗೀರಿಗಿಂತ ಅಪಾಯ. ಕೊನೆಗೆ ಗಾಜನ್ನೇ ಬದಲಿಸಿದೆ.

ನಿಮ್ಮ ಗಾಜಿನಲ್ಲಿ ಗೆರೆ ಕಂಡ ತಕ್ಷಣ ಗಾಬರಿ ಬೇಡ, ಎಲ್ಲವೂ ಗೀರಲ್ಲ. ಒಳಗಡೆ ಅಡ್ಡಡ್ಡ, ಹೊರಗಡೆ ಉದ್ದುದ್ದ ಒರೆಸಿ. ಉಳಿದ ಗೆರೆ ಯಾವ ದಿಕ್ಕಿಗಿದೆ ನೋಡಿದರೆ ಕೊಳೆ ಯಾವ ಕಡೆಯದು ಅಂತ ಗೊತ್ತಾಗುತ್ತದೆ. ಒಳಗಿನ ಮಬ್ಬು ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಎದ್ದ ಆವಿಯ ಜಿಡ್ಡು. ಹೊರಗಿನ ಬಿಳಿ ಕಲೆ ಬೋರ್‌ವೆಲ್ ನೀರು ಆರಿದಾಗ ಉಳಿದ ಲವಣ, ನೀರು ಬೆರೆಸಿದ ವಿನಿಗರ್‌ಗೆ ಬಿಡುತ್ತದೆ. ವೈಪರ್ ಬಿಡುವ ಪಟ್ಟೆಗೆ ರಬ್ಬರ್ ಬದಲಿಸಿದರೆ ಸಾಕು, ವರ್ಷಕ್ಕೊಮ್ಮೆ ಬದಲಿಸಿ. ಎಲ್ಲಕ್ಕಿಂತ ಮೊದಲು ನೀರು, ಆಮೇಲೆ ಬಟ್ಟೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಹಳೇ ವೈಪರ್ ಬ್ಲೇಡನ್ನೂ ತೆಗೆದುಕೊಂಡು ಹೋಗಿದ್ದೆ. ಹರಿದ ಅಂಚನ್ನು ಅಪ್ಪನಿಗೆ ತೋರಿಸಿ, ಅವತ್ತು ಕಣ್ಣು ಕುಕ್ಕಿದ ಗೀರು ಇದರದ್ದು, ನಾನೇ ಮಾಡಿಕೊಂಡಿದ್ದು, ನಿನ್ನ ಮೇಲೆ ಸುಮ್ಮಸುಮ್ಮನೆ ರೇಗಿದೆ ಅಂದೆ. ಅಪ್ಪ ಬ್ಲೇಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾನೂ ಒಣಬಟ್ಟೇಲೇ ಒರೆಸ್ತಿದ್ನಲ್ಲ ಬಿಡು," ಅಂದರು. ಆ ಸುತ್ತುಗೀರಿನ ವಿಷಯ ನಾನು ಹೇಳಿರಲಿಲ್ಲ.

ಮಾರನೇ ಬೆಳಿಗ್ಗೆ ಎದ್ದು ಬಂದರೆ ಕಾರಿನ ಪಕ್ಕ ಬಕೆಟ್ಟು ಇತ್ತು. ಅಪ್ಪ ಚೊಂಬಿನಲ್ಲಿ ಗಾಜಿನ ಮೇಲೆ ನೀರು ಸುರಿಯುತ್ತಿದ್ದರು, ಟವೆಲ್ಲು ಇನ್ನೂ ಹೆಗಲ ಮೇಲೇ ಇತ್ತು. ನನ್ನನ್ನು ನೋಡಿ ವೈಪರಿನ ಕಡೆ ಕೈ ತೋರಿಸಿದರು. "ಈ ಕಡ್ಡೀನೂ ಎತ್ತಿ ತೊಳೀಬೇಕೇನ್ಲಾ?"

ಹೂಂ ಅಂದೆ. ಇಬ್ಬರೂ ಸೇರಿ ತೊಳೆದೆವು.