ಕಯ್ಯೂರು ಮತ್ತು ಪ್ಯಾಟರ್ಸನ್: ಹೋರಾಟಗಳು ಕಥೆಯಾದಾಗ

ಇಲ್ಲಿನ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಮಾಂಟ್ಗೊಮೆರಿಯ ಬಸ್ ಬಹಿಷ್ಕಾರವನ್ನು ಬಲ್ಲರು. ಗಾಂಧೀಜಿಯವರ ಉಪ್ಪಿನ ಸತ್ಯಾಗ್ರಹವನ್ನೂ ಬಲ್ಲರು. ಕನ್ನಡದ ಒಂದು ಮುಖ್ಯ ಕಾದಂಬರಿಗೆ ವಸ್ತುವಾದ ಕಯ್ಯೂರಿನ ಹೆಸರನ್ನು ಮಾತ್ರ ಅವರು ಕೇಳಿರಲಾರರು. ನಿರಂಜನರ ‘ಚಿರಸ್ಮರಣೆ’ ಪ್ರಕಟವಾದದ್ದು 1955ರಲ್ಲಿ. ಹೋರಾಟವೊಂದು ಹೇಗೆ ಮೊಳೆತು ಬೆಳೆಯುತ್ತದೆ ಎಂಬುದನ್ನು ಅಷ್ಟು ತಾಳ್ಮೆಯಿಂದ ಚಿತ್ರಿಸಿದ ಕೃತಿಗಳು ನಮ್ಮ ಭಾಷೆಯಲ್ಲಿ ವಿರಳ.

ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಕಯ್ಯೂರು ಅಂದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಭೂಮಿ ಜನ್ಮಿಗಳದು, ಬೆವರು ಗೇಣಿದಾರರದು. ಗೇಣಿಯ ಜೊತೆಗೆ ಕಾಣಿಕೆ, ಬಿಟ್ಟಿ ದುಡಿಮೆ, ಒಕ್ಕಲೆಬ್ಬಿಸುವ ಭಯ. ಇವುಗಳ ವಿರುದ್ಧ ರೈತಸಂಘ ತಲೆಯೆತ್ತಿತು. 1941ರ ಮಾರ್ಚ್ 28ರಂದು ಪೊಲೀಸರ ದೌರ್ಜನ್ಯವನ್ನು ಪ್ರತಿಭಟಿಸಿ ಹೊರಟ ಮೆರವಣಿಗೆಗೆ ಸುಬ್ಬರಾಯನೆಂಬ ಪೊಲೀಸ್ ಪೇದೆ ಎದುರಾದನು. ಜನರು ಅವನ ಕೈಗೆ ಬಾವುಟ ಕೊಟ್ಟು ತಮ್ಮೊಡನೆ ನಡೆಸಿದರು. ಕೊನೆಗೆ ಅವನು ಹೊಳೆಗೆ ಹಾರಿ ಸತ್ತನು. ನ್ಯಾಯಾಲಯ ಅದನ್ನು ಕೊಲೆಯೆಂದು ಪರಿಗಣಿಸಿತು. 1943ರ ಮಾರ್ಚ್ 29ರಂದು ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದರು.

ವೈದ್ಯವೃತ್ತಿಯಲ್ಲಿರುವ ನಾವು ಮರಣ ಪ್ರಮಾಣಪತ್ರದಲ್ಲಿ ಸಾವಿನ ತತ್‌ಕ್ಷಣದ ಕಾರಣವನ್ನು ಮೊದಲ ಸಾಲಿನಲ್ಲಿ ಬರೆಯುತ್ತೇವೆ. ಅದಕ್ಕೆ ಎಡೆಮಾಡಿಕೊಟ್ಟ ಮೂಲ ಕಾರಣಗಳಿಗೆ ಕೆಳಗಿನ ಸಾಲುಗಳಿವೆ. ನ್ಯಾಯಾಲಯ ಬರೆದದ್ದು ಮೊದಲ ಸಾಲನ್ನು. ನಿರಂಜನರು ಬರೆದದ್ದು ಕೆಳಗಿನವನ್ನು.

ಆದುದರಿಂದಲೇ ಕಾದಂಬರಿ ಹೊಳೆಯ ದಂಡೆಯಿಂದ ಆರಂಭವಾಗುವುದಿಲ್ಲ. ಅಪ್ಪು, ಚಿರುಕಂಡ ಇನ್ನೂ ಹುಡುಗರಾಗಿರುವಾಗಲೇ, ಊರಿನ ಶಾಲೆ ಮತ್ತು ಮಾಸ್ತರರ ಸುತ್ತ ಅದು ಬೆಳೆಯುತ್ತದೆ. ಓದು, ಪ್ರಶ್ನೆ, ಗುಟ್ಟಿನ ಸಭೆ, ಸಂಘ, ಮೆರವಣಿಗೆ: ಹೋರಾಟದ ತಂತ್ರಗಳು ಇದೇ ಕ್ರಮದಲ್ಲಿ ಬರುತ್ತವೆ. ಜನ್ಮಿಯೆದುರು ಬಾಗಿದ ಬೆನ್ನು ನೇರವಾಗುವುದಕ್ಕೇ ವರುಷಗಳು ಹಿಡಿಯುತ್ತವೆ. ಘೋಷಣೆ ಕೂಗುವುದು ಕೊನೆಯ ಮೆಟ್ಟಿಲು.

ಲೇಖಕರ ಒಲವು ರೈತರ ಕಡೆಗಿದೆ. ಅದನ್ನು ಅವರು ಮುಚ್ಚಿಡುವುದಿಲ್ಲ. ಆದರೂ ಓದುಗರಾದ ನಾವು ಸುಬ್ಬರಾಯನ ಮುಂದೆ ನಿಲ್ಲಲೇಬೇಕು. ಎದುರಾಳಿಯ ಕೈಗೆ ಬಲವಂತವಾಗಿ ಬಾವುಟ ಕೊಟ್ಟ ಕ್ಷಣದಲ್ಲಿ, ಸಂಘ ವರುಷಗಳಿಂದ ಕಲಿಸಿದ ಶಿಸ್ತು ಗುಂಪಿನ ಕೋಪದ ಕೈಗೆ ಸಿಕ್ಕಿತು. ಅದಕ್ಕೆ ತೆತ್ತ ಬೆಲೆ ಐದು ಜೀವ.

ನಾವು ನೆಲೆಸಿರುವ ಸೀಮೆಯಲ್ಲೂ ಹೋರಾಟವೊಂದು ಕಥೆಯಾದದ್ದುಂಟು, ಆದರೆ ಬೇರೆ ಬಗೆಯಲ್ಲಿ. 1913ರಲ್ಲಿ ಪ್ಯಾಟರ್ಸನ್ನಿನ ರೇಷ್ಮೆ ನೇಕಾರರು, ಬಹುಪಾಲು ವಲಸೆ ಬಂದವರು, ಎಂಟು ಗಂಟೆಯ ದುಡಿಮೆಗಾಗಿ, ಒಬ್ಬನಿಗೆ ನಾಲ್ಕು ಮಗ್ಗ ವಹಿಸುವ ಪದ್ಧತಿಯ ವಿರುದ್ಧ ಮುಷ್ಕರ ಹೂಡಿದರು. ಪ್ಯಾಟರ್ಸನ್ನಿನಲ್ಲಿ ಸಭೆಗೆ ತಡೆಯೊಡ್ಡಿದಾಗ ಪಕ್ಕದ ಹೇಲ್ಡನ್ನಿನ ಬೊಟ್ಟೊ ಕುಟುಂಬದ ಮನೆಯಂಗಳದಲ್ಲಿ ಸಾವಿರಾರು ಮಂದಿ ಸೇರಿದರು. ಜೂನ್ 7ರಂದು ಸಾವಿರಕ್ಕೂ ಹೆಚ್ಚು ಮುಷ್ಕರನಿರತರು ಮ್ಯಾನ್‌ಹಟನ್ನಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತಮ್ಮ ಹೋರಾಟವನ್ನು ತಾವೇ ಅಭಿನಯಿಸಿದರು. ಪ್ರದರ್ಶನ ಅದ್ಭುತವೆನಿಸಿತು, ನಿಧಿ ಮಾತ್ರ ಕೂಡಲಿಲ್ಲ. ರಂಗಸಜ್ಜಿಕೆಯ ಗದ್ದಲದಲ್ಲಿ ಗಿರಣಿಗಳ ಮುಂದಿನ ಕಾವಲು ಸಡಿಲಾಯಿತೆಂದು ನಾಯಕಿ ಎಲಿಜಬೆತ್ ಗರ್ಲಿ ಫ್ಲಿನ್ ಮರುವರ್ಷ ವಿಮರ್ಶಿಸಿದರು. ಆ ಬೇಸಿಗೆಯಲ್ಲೇ ಮುಷ್ಕರ ಮುರಿದುಬಿತ್ತು.

ಪ್ಯಾಟರ್ಸನ್ನಿನಲ್ಲಿ ಕಲೆಯೇ ಹೋರಾಟದ ಅಸ್ತ್ರವಾಯಿತು, ಹೋರಾಡುವವರ ಬಲವನ್ನೂ ಬಳಸಿಕೊಂಡಿತು. ಕಯ್ಯೂರಿನ ಕಥೆ ಗಲ್ಲು ನಡೆದ ಹನ್ನೆರಡು ವರ್ಷಗಳ ಮೇಲೆ ಬಂದು, ಉತ್ಸಾಹಕ್ಕಿಂತ ನೆನಪನ್ನು ಉಳಿಸಿತು. ಒಂದು ದಿನದ ಅಬ್ಬರವನ್ನು ಪತ್ರಿಕೆಯೂ ದಾಖಲಿಸುತ್ತದೆ. ಅದರ ಹಿಂದಿನ ನಿಧಾನದ ಸಿದ್ಧತೆಯನ್ನು ಕಾಣಿಸುವುದು ಕಾದಂಬರಿಯ ಕೆಲಸ.

ಇನ್ನೊಂದು ಸಂಗತಿ. ಗಲ್ಲಿಗೇರಿದ ಆ ನಾಲ್ವರು ಮಲಯಾಳ ನಾಡಿನವರು. ಅವರ ನೆನಪನ್ನು ಹೊತ್ತದ್ದು ಕನ್ನಡದ ಕಾದಂಬರಿ. ಮರುವರ್ಷ, 1956ರಲ್ಲಿ, ಭಾಷಾವಾರು ರಾಜ್ಯಗಳ ರಚನೆಯಾಗಿ ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿಯ ಗೆರೆ ಕೃತಿಯನ್ನು ತಡೆಯಲಿಲ್ಲ. ಅದು ಮಲಯಾಳಕ್ಕೂ ಅನುವಾದವಾಯಿತು. ಎರಡು ನಾಡುಗಳ ನಡುವೆ ಬಾಳುತ್ತಿರುವ ನಮಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ? ಹೇಲ್ಡನ್ನಿನ ಬೊಟ್ಟೊ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯೋಣ. ಕಾರಿನಲ್ಲಿ ಹೋಗುವಾಗ ಕಯ್ಯೂರಿನ ಆ ಇಬ್ಬರು ಹುಡುಗರ ಕಥೆಯನ್ನು ಕನ್ನಡದಲ್ಲೇ ಹೇಳೋಣ.