ಅಟ್ಟದ ಮೇಲಿನ ಕತ್ತಿಯ ಊರು ಯಾವುದು?

ಆಯುಧಪೂಜೆಯ ದಿನ ಬಂತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಕೆಲವು ಹಳೆಯ ಮನೆಗಳ ಅಟ್ಟದಿಂದ ಕತ್ತಿಯೊಂದು ಕೆಳಗಿಳಿಯುವುದುಂಟು. ಹುಣಿಸೆಹಣ್ಣು, ಬೂದಿಗಳಿಂದ ಅದನ್ನು ತಿಕ್ಕಿ ತೊಳೆದು, ಅರಿಸಿನ ಕುಂಕುಮವಿಟ್ಟು, ಹೂವು ಏರಿಸುತ್ತಾರೆ. ‘ಇದು ಯಾವ ಕಾಲದ್ದು?’ ಎಂದು ಕೇಳಿದರೆ, ಮನೆಯ ಹಿರಿಯರು ‘ಪಾಳೆಯಗಾರರ ಕಾಲದ್ದಪ್ಪಾ’ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಆದರೆ ಅಲಗಿನ ಬುಡದಲ್ಲಿ ಪರಂಗಿ ಅಕ್ಷರವೊಂದು ಕಾಣಿಸಿಕೊಂಡರೆ ಮಾತು ಮುಗಿಯುವುದಿಲ್ಲ, ಆಗಲೇ ಆರಂಭವಾಗುತ್ತದೆ. ಡಚ್ಚರ ಕತ್ತಿಯೆಂದು ಒಬ್ಬರು, ಜಾವಾ ದ್ವೀಪದ್ದೆಂದು ಮತ್ತೊಬ್ಬರು, ಲಕ್ಷಗಟ್ಟಲೆ ಬೆಲೆಯೆಂದು ಮೂರನೆಯವರು. ಸಮುದ್ರವನ್ನೇ ಕಾಣದ ಈ ಬಯಲುಸೀಮೆಗೆ ಜಾವಾದ ಕತ್ತಿ ಬರುವುದು ಸಾಧ್ಯವೆ? ಬಂದಿದ್ದರೆ ಅದನ್ನು ಗುರುತಿಸುವ ಬಗೆ ಹೇಗೆ?

ಈ ನಾಡು ಕತ್ತಿಗಳನ್ನು ಕಂಡದ್ದು ಕಡಮೆಯೇನಲ್ಲ. ಆವತಿಯ ಪ್ರಭುಗಳ ವಂಶದವರು ಚಿಕ್ಕಬಳ್ಳಾಪುರದಲ್ಲಿ ಕೋಟೆ ಕಟ್ಟಿ ಆಳಿದರು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಪರವಾಗಿ ಷಹಾಜಿ ಈ ಪ್ರಾಂತದ ಜಹಗೀರನ್ನು ನೋಡಿಕೊಂಡನು. ಚಿಂತಾಮಣಿಗೆ ಆ ಹೆಸರು ಬಂದದ್ದು ಚಿಂತಾಮಣಿರಾಯನೆಂಬ ಮರಾಠ ಸರದಾರನಿಂದ ಎಂದು ಹೇಳುತ್ತಾರೆ. ೧೭೬೨ರಲ್ಲಿ ಹೈದರಾಲಿ ಚಿಕ್ಕಬಳ್ಳಾಪುರಕ್ಕೆ ಮುತ್ತಿಗೆ ಹಾಕಿದಾಗ ಗುತ್ತಿಯ ಮುರಾರಿರಾಯನ ದಂಡು ಪಾಳೆಯಗಾರನ ನೆರವಿಗೆ ಬಂದಿತು. ೧೭೯೧ರ ಅಕ್ಟೋಬರ್ ೧೯ರಂದು ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿಯಿತು. ಇಷ್ಟು ದಂಡುಗಳು ಹಾದುಹೋದ ನೆಲದಲ್ಲಿ ಹತ್ತು ದೇಶದ ಕಬ್ಬಿಣ ಉಳಿದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನು ಡಚ್ಚರ ವಿಚಾರ. ಅವರ ಈಸ್ಟ್ ಇಂಡಿಯಾ ಕಂಪೆನಿ ಹುಟ್ಟಿದ್ದು ೧೬೦೨ರಲ್ಲಿ. ೧೬೧೯ರಲ್ಲಿ ಜಾವಾದಲ್ಲಿ ಬಟೇವಿಯಾ ಪಟ್ಟಣವನ್ನು ಕಟ್ಟಿದರು. ಅದೇ ಇಂದಿನ ಜಕಾರ್ತ. ನಮ್ಮ ಪೂರ್ವಕ್ಕೆ ಪಳವೇರ್ಕಾಡಿನಲ್ಲಿ ಅವರ ಕೋಟೆಯಿತ್ತು. ೧೬೬೩ರಲ್ಲಿ ಕೊಚ್ಚಿಯೂ ಅವರ ಕೈಸೇರಿತು. ಪೂರ್ವ ಕರಾವಳಿಯಿಂದ ಬಟ್ಟೆಯ ಜೊತೆಗೆ ಕಬ್ಬಿಣವನ್ನೂ ಉಕ್ಕನ್ನೂ ಹಡಗಿಗೆ ತುಂಬಿ ಬಟೇವಿಯಾಕ್ಕೆ ಸಾಗಿಸಿದರು. ಅಂದರೆ ಜಾವಾದಿಂದ ನಮ್ಮಲ್ಲಿಗೆ ಕತ್ತಿ ಬಂದಿತೋ ಇಲ್ಲವೋ, ದಕ್ಷಿಣದ ಲೋಹವಂತೂ ಅಲ್ಲಿಗೆ ಹೋಯಿತು. ಗೌರಿಬಿದನೂರಿನ ನೆರೆಯ ಮಧುಗಿರಿ, ಚನ್ನರಾಯನದುರ್ಗಗಳ ಕಡೆ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದುದನ್ನು ೧೮೦೦ರಲ್ಲಿ ಬುಕನನ್ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ.

ನಂದಿಬೆಟ್ಟಕ್ಕೂ ಡಚ್ಚರಿಗೂ ಇನ್ನೊಂದು ನಂಟುಂಟು. ೧೭೮೯ರಲ್ಲಿ ಅವರು ಕೊಡುಂಗಲ್ಲೂರು, ಆಯಕೋಟೆಗಳೆಂಬ ಎರಡು ಕೋಟೆಗಳನ್ನು ತಿರುವಾಂಕೂರಿನ ರಾಜನಿಗೆ ಮಾರಿದರು. ಆ ಮಾರಾಟವನ್ನು ಟಿಪ್ಪು ಒಪ್ಪಲಿಲ್ಲ. ಅದೇ ವರ್ಷದ ಕೊನೆಯಲ್ಲಿ ತಿರುವಾಂಕೂರಿನ ಗಡಿಗೋಡೆಯ ಮೇಲೆ ಬಿದ್ದನು. ಅದರಿಂದ ಮೂರನೆಯ ಮೈಸೂರು ಯುದ್ಧ ಹೊತ್ತಿತು. ಆ ಯುದ್ಧದಲ್ಲಿ ನಂದಿದುರ್ಗ ಬಿದ್ದಿತು. ಡಚ್ಚರ ಕತ್ತಿ ನಂದಿಗೆ ಬಾರದಿದ್ದರೂ ಅವರ ಕ್ರಯಪತ್ರದ ಏಟು ನಂದಿಯವರೆಗೆ ಮುಟ್ಟಿತು!

ಜಾವಾಕ್ಕೆ ಹೋಗಿಬಂದ ದಾರಿಯೂ ಒಂದಿದೆ. ಟಿಪ್ಪುವಿನ ಪತನದ ಮೇಲೆ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತುಗಳನ್ನು ಬರೆಸಿದ ಕಾಲಿನ್ ಮೆಕೆಂಜಿ ೧೮೧೧ರಲ್ಲಿ ಇಂಗ್ಲಿಷ್ ದಂಡಿನೊಡನೆ ಜಾವಾಕ್ಕೆ ಹೋದನು. ೧೮೦೬ರಲ್ಲಿ ವೆಲ್ಲೂರಿನ ದಂಗೆಯನ್ನು ಅಡಗಿಸಿದ ಗಿಲೆಸ್ಪಿಯೂ ಆ ದಂಡಿನಲ್ಲಿದ್ದನು. ಬಂಗಾಳದ ಸಿಪಾಯಿಗಳೂ ಮದ್ರಾಸಿನ ಪಯನಿಯರುಗಳೂ ಇದ್ದರು. ೧೮೧೨ರ ಜೂನ್ ತಿಂಗಳಲ್ಲಿ ಯೋಗ್ಯಕರ್ತದ ಅರಮನೆಯನ್ನು ನುಗ್ಗಿ ಸೂರೆಮಾಡಿದರು. ಅಂಥ ಸೂರೆಯ ಕತ್ತಿಯೊಂದು ಯಾವನೋ ಸಿಪಾಯಿಯ ಗಂಟಿನಲ್ಲಿ ದಕ್ಷಿಣಕ್ಕೆ ಬರುವುದು ಅಸಂಭವವಲ್ಲ. ಆದರೆ ಅಸಂಭವವಲ್ಲ ಎಂಬುದು ಬೇರೆ, ನಡೆಯಿತು ಎಂಬುದು ಬೇರೆ. ಅದನ್ನು ಕತ್ತಿಯೇ ಹೇಳಬೇಕು.

ಕತ್ತಿಯನ್ನು ಕೇಳುವ ಕ್ರಮ ಹೀಗೆ. ಅಲಗು, ಹಿಡಿ, ಒರೆ ಈ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು. ನಮ್ಮ ಕತ್ತಿಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗಿನಿಂದ ಕೂರಿಸುತ್ತಿದ್ದರು. ಕಾಯಿಸಿದರೆ ಅರಗು ಕರಗಿ ಹಿಡಿ ಕಳಚುತ್ತದೆ. ಆದ್ದರಿಂದ ಅಜ್ಜನ ಅಲಗಿಗೆ ಮೊಮ್ಮಗ ಹೊಸ ಹಿಡಿ ಹಾಕಿಸುವುದು ಸುಲಭವಾಗಿತ್ತು. ಹಿಡಿಯ ವಯಸ್ಸೇ ಅಲಗಿನ ವಯಸ್ಸೆಂದು ನಂಬುವಂತಿಲ್ಲ.

ಹಿಡಿಯ ತುದಿಯಲ್ಲಿ ತಟ್ಟೆಯಂಥ ಬಿಲ್ಲೆಯಿದ್ದರೆ ಅದು ನಮ್ಮ ತಲವಾರಿನ ಹಿಡಿ. ಜಾವಾದವರ ಹಿಡಿ ಸಾಮಾನ್ಯವಾಗಿ ಮರದ್ದು ಅಥವಾ ಕೊಂಬಿನದು. ಬೆರಳುಗಳನ್ನು ಕಾಯುವ ಲೋಹದ ಬಿಲ್ಲು ಅದಕ್ಕಿಲ್ಲ. ಜಾವಾದ ಅಲಗಿಗೆ ಹಿತ್ತಾಳೆಯ ಬಿಲ್ಲನ್ನು ಜೋಡಿಸಿದ್ದರೆ ಯೂರೋಪಿನ ಪ್ರಭಾವವನ್ನು ಶಂಕಿಸಬಹುದು.

ಅಲಗಿನ ಮೈಮೇಲೆ ನೀರಿನಂಥ ಗೆರೆಗಳಿದ್ದರೆ ಇನ್ನೂ ಎಚ್ಚರಿಕೆ ಬೇಕು. ನಮ್ಮ ಮೂಸೆಯ ಉಕ್ಕಿನಲ್ಲಿ ಆ ಗೆರೆಗಳು ಲೋಹದೊಳಗೇ ಹುಟ್ಟಿದವು. ಒಂದೇ ಗಟ್ಟಿ ನಿಧಾನವಾಗಿ ಆರುವಾಗ ಒಳಗೆ ಕಟ್ಟಿಕೊಂಡ ಹರಳುಗಳ ಫಲ. ಜಾವಾದವರ ‘ಪಾಮೋರ್’ ಹಾಗಲ್ಲ. ಅದು ಬಗೆಬಗೆಯ ಕಬ್ಬಿಣದ ಪದರಗಳನ್ನು ಕಾಯಿಸಿ ಬಡಿದು ಮಡಿಸಿದ್ದು; ಪಾಷಾಣ ಮತ್ತು ನಿಂಬೆರಸ ಸವರಿದಾಗ ಕೆಲವು ಪದರ ಕಪ್ಪಾಗಿ, ಕೆಲವು ಬೆಳ್ಳಿಯಂತೆ ಹೊಳೆಯುತ್ತವೆ. ಒಂದು ಹರಿಯುವ ನೀರು, ಇನ್ನೊಂದು ಮರದ ಸೀಳು ಎಂದರೆ ವಾಚಕರಿಗೆ ವ್ಯತ್ಯಾಸ ಹೊಳೆದೀತು.

ಕೊನೆಗೆ ಪರಂಗಿ ಅಕ್ಷರ. ಡಚ್ ಕಂಪೆನಿಯ ಮುದ್ರೆ ‘ವಿ’, ‘ಓ’, ‘ಸಿ’ ಎಂಬ ಮೂರು ಅಕ್ಷರಗಳ ಹೆಣಿಗೆ. ಅದರ ಮೇಲೆ ‘ಎ’ ಇದ್ದರೆ ಆಮ್‌ಸ್ಟರ್‌ಡಾಂ ಶಾಖೆಯದೆಂದು ಅರ್ಥ. ಆದರೆ ಈ ಮುದ್ರೆಯನ್ನು ಸುಳ್ಳಾಗಿ ಒತ್ತಿ ಮಾರುವವರೂ ಉಂಟು. ಇಷ್ಟೇ ಅಲ್ಲ, ಅಕ್ಷರವಿದ್ದ ಮಾತ್ರಕ್ಕೆ ಅಲಗು ಡಚ್ಚರದಾಗುವುದಿಲ್ಲ. ಜರ್ಮನಿಯ ಸೋಲಿಂಗೆನ್, ಇಟಲಿಯ ಜಿನೋವ ಮೊದಲಾದ ಊರುಗಳ ಅಲಗುಗಳು ದಖ್ಖನಿಗೆ ಬಂದು, ನಮ್ಮ ಹಿಡಿ ತೊಟ್ಟು, ‘ಫಿರಂಗಿ’ ಎಂಬ ಹೆಸರು ಪಡೆದವು. ಮರಾಠರಿಗೆ ಅವು ಬಲು ಮೆಚ್ಚು. ಬೇಡಿಕೆ ಹೆಚ್ಚಿದಂತೆ ಇಲ್ಲಿಯ ಕಮ್ಮಾರರೂ ಆ ಗುರುತುಗಳನ್ನು ತಮ್ಮ ಅಲಗಿನ ಮೇಲೆ ಕೊರೆದರು. ಓದಲು ಬಾರದ ಅಕ್ಷರವನ್ನು ಚಿತ್ರದಂತೆ ನಕಲು ಮಾಡಿದ್ದರಿಂದ ಅದು ಸೊಟ್ಟಗಾಯಿತು. ಅಂಥ ಸೊಟ್ಟ ಅಕ್ಷರ ಕಂಡರೆ ನಿರಾಶೆ ಬೇಡ. ಅದು ನಮ್ಮ ಕಮ್ಮಾರನ ರುಜು.

ಇಲ್ಲಿ ಬೆಲೆಗಿಂತ ದೊಡ್ಡ ಮಾತೊಂದಿದೆ. ಪಾಳೆಯಗಾರರ ಮಾತು ನಮಗೆ ಬಂದಿರುವುದು ಬಹುಮಟ್ಟಿಗೆ ಅವರನ್ನು ಗೆದ್ದವರ ಬರಹದಿಂದ. ಅವರ ಕೆಳಗೆ ಕಾದಾಡಿದ ಒಕ್ಕಲು ಮಕ್ಕಳ ಹೆಸರು ಯಾವ ಕಾಗದದಲ್ಲಿಯೂ ಇಲ್ಲ. ಅವರು ಹಿಡಿದ ಕಬ್ಬಿಣವಷ್ಟೇ ಸಾಕ್ಷಿಯಾಗಿ ಉಳಿದಿದೆ. ಅದನ್ನು ಜಾವಾದ್ದೆಂದು ಹೇಳಿ ಮಾರಿದರೆ ಒಂದು ಮನೆಯ ನೆನಪು ಅಳಿಯುತ್ತದೆ. ಪಾಳೆಯಗಾರನದೇ ಎಂದು ಕಣ್ಣುಮುಚ್ಚಿ ನಂಬಿದರೂ ನಿಜವಾದ ಕಥೆ ಅಡಗಿಹೋಗುತ್ತದೆ. ನೂರು ವರ್ಷ ದಾಟಿದ ಇಂಥ ವಸ್ತುಗಳು ೧೯೭೨ರ ಪ್ರಾಚ್ಯವಸ್ತು ಕಾಯಿದೆಗೆ ಒಳಪಡುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ ಎಂಬುದೂ ನೆನಪಿರಲಿ.

ಆದುದರಿಂದ ಬರುವ ಆಯುಧಪೂಜೆಗೆ ಒಂದು ಬಿನ್ನಹ. ಹುಣಿಸೆಹಣ್ಣು ತಿಕ್ಕುವ ಮೊದಲು ಅಲಗಿನ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ವರ್ಷಕ್ಕೊಮ್ಮೆ ತಿಕ್ಕಿ ತಿಕ್ಕಿ, ಮುದ್ರೆಯೂ ನೀರಿನ ಗೆರೆಯೂ ಸವೆದುಹೋಗುತ್ತವೆ. ಕಂಡ ಗುರುತನ್ನು ಕಾಗದದ ಮೇಲೆ ಬರೆದುಕೊಂಡು, ಎಣ್ಣೆಯ ಬಟ್ಟೆಯಿಂದ ಒರೆಸಿ ಇಡಿ. ಮನೆಯ ಹಿರಿಯರು ಹೇಳುವ ಮಾತನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಕತ್ತಿ ಇನ್ನು ನೂರು ವರ್ಷ ಬಾಳೀತು. ಹಿರಿಯರ ಮಾತು ಅಷ್ಟು ಕಾಲ ಕಾಯಲಾರದು.